ಹಗುರಾಗುವ ಜಾಗ

ಆ ಬಸ್ ಕಂಪನಿಯ ಮುಖ್ಯ ಕಚೇರಿಯಲ್ಲಿ ಅನುಮತಿ ವಿಭಾಗ ಅಂತ ಒಂದಿತ್ತು. ಹೆಸರೇನೋ ಅನುಮತಿ, ಆದರೆ ಅಲ್ಲಿಂದ ಅನುಮತಿ ಪಡೆದು ಹೊರಗೆ ಬಂದ ನರಪ್ರಾಣಿಯನ್ನು ಯಾರೂ ಕಂಡಿರಲಿಲ್ಲ. ಅದರ ಮುಖ್ಯಸ್ಥರನ್ನು ಇಡೀ ಕಂಪನಿ ನೋಡೋಣ ಸಾಹೇಬರು ಅಂತಲೇ ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳ ಬರೆಯುವವನಿಗೆ ಮಾತ್ರ ಗೊತ್ತಿತ್ತೋ ಏನೋ.

ಸೀಟಿನ ಸ್ಪ್ರಿಂಗು ಚುಚ್ಚುತ್ತೆ ಸಾಹೇಬ್ರೇ ಅಂತ ಡ್ರೈವರ್ ಬಂದರೆ, "ನೋಡೋಣ." ವರ್ಕ್‌ಶಾಪಿನ ಸೂರು ಸೋರುತ್ತೆ ಅಂತ ಮೆಕ್ಯಾನಿಕ್ ಬಂದರೆ, "ನೋಡೋಣ." ಅದರಲ್ಲೂ ಒಳಭೇದಗಳಿದ್ದವು. ತಲೆಯಾಡಿಸುತ್ತಾ ನೋಡೋಣ ಅಂದರೆ ಈ ವರ್ಷ ಇಲ್ಲ ಅಂತ ಅರ್ಥ. ಸೀಲಿಂಗ್ ಫ್ಯಾನಿನ ಕಡೆ ನೋಡುತ್ತಾ ಅಂದರೆ ನೀವು ರಿಟೈರ್ ಆಗುವವರೆಗೂ ಇಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತಾ "ನೋಡೋಣ, ನೋಡೋಣ" ಅಂತ ಎರಡು ಸಲ ಅಂದರೋ, ಮುಗೀತು, ಈ ಜನ್ಮದಲ್ಲಿಲ್ಲ. ಹಳಬರು ಕನ್ನಡಕಕ್ಕೆ ಕೈ ಹೋದದ್ದು ಕಂಡೊಡನೆ ನಮಸ್ಕಾರ ಹೊಡೆದು ಎದ್ದುಬಿಡುತ್ತಿದ್ದರು.

ಹಾಗಂತ ಮನುಷ್ಯ ಕೆಟ್ಟವರಲ್ಲ ಕಣ್ರೀ. ಇರುವೆಯನ್ನು ಊದಿ ಓಡಿಸುವ ಜಾತಿ. ಯಾರ ಮುಖಕ್ಕೂ ಬೇಡ ಅನ್ನಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮಾಡಿ ಅನ್ನಲು ಧೈರ್ಯ ಸಾಲದು, ನಾಳೆ ಹೆಚ್ಚುಕಮ್ಮಿಯಾದರೆ ಮೇಲಿನವರು ಕುತ್ತಿಗೆ ಪಟ್ಟಿ ಹಿಡಿಯುತ್ತಾರೆ. ಇವೆರಡರ ನಡುವಿನ ಸಂದಿಯಲ್ಲಿ ನೋಡೋಣ ಅಂತ ಒಂದು ಮೆತ್ತನೆಯ ಹಾಸಿಗೆ ಹಾಸಿಕೊಂಡು ತಣ್ಣಗೆ ಮಲಗಿದ್ದರು, ಅಷ್ಟೇ.

ಅವರ ನಿದ್ದೆ ಕೆಡಿಸಿದ್ದು ಸ್ವಂತ ತಂಗಿ.

ತಂಗಿ ಅದೇ ಕಂಪನಿಯಲ್ಲಿ ಬಸ್ ಡ್ರೈವರು. ಚಿಕ್ಕಂದಿನಲ್ಲೇ ಮಗುಚಿದ ಸ್ಟೂಲಿನ ಮೇಲೆ ಕೂತು ಊಟದ ತಟ್ಟೆಯನ್ನು ಸ್ಟೇರಿಂಗ್ ಮಾಡಿ ತಿರುಗಿಸುತ್ತಿದ್ದವಳು ಅವಳು. ಆಗ ಅಣ್ಣನೇ ಕಂಡಕ್ಟರು. ಹಿಂದೆ ನಿಂತು "ರೈಟ್, ರೈಟ್" ಅಂತ ಕೂಗುವುದು ಅವನ ಕೆಲಸ. ಕಂಪನಿ ಹೆಂಗಸರನ್ನು ಡ್ರೈವರ್ ಕೆಲಸಕ್ಕೆ ತೆಗೆದುಕೊಂಡಾಗ ಮೊದಲು ಸೇರಿದ ಮೂವರಲ್ಲಿ ಇವಳೂ ಒಬ್ಬಳು. ಪೇಪರಿನವರನ್ನು ಕರೆಸಿ, ಬಸ್ಸಿನ ಮುಂದೆ ನಿಲ್ಲಿಸಿ, ಫೋಟೋ ತೆಗೆಸಿ ಏನು ಸಂಭ್ರಮ! ಫೋಟೋ ತೆಗೆದ ಮೇಲೆ ಕಂಪನಿ ಕೈ ತೊಳೆದುಕೊಂಡಿತು. ಕೈ ತೊಳೆಯಲು ಅದಕ್ಕಾದರೂ ಜಾಗವಿತ್ತು. ಈ ಮೂವರಿಗೆ ಅದೂ ಇರಲಿಲ್ಲ.

ವಿಷಯ ಇಷ್ಟೇ: ಡಿಪೋದಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಗಂಡಸರಿಗೆ ಹಿಂಭಾಗದಲ್ಲಿ ಒಂದು ಸಾಲಿತ್ತು. ಬಾಗಿಲಿಗೆ ಚಿಲಕವಿಲ್ಲ, ನಲ್ಲಿಗೆ ನೀರಿಲ್ಲ, ವಾಸನೆಗೆ ಮಾತ್ರ ಕೊರತೆಯಿಲ್ಲ. ಹೆಂಗಸರು ಅಂಗಳ ದಾಟಿ, ಮುಖ್ಯ ಕಚೇರಿಯ ಮೂರನೇ ಮಹಡಿಗೆ ಹೋಗಬೇಕು. ಲಿಫ್ಟು ಮನಸ್ಸು ಬಂದಾಗ ಬರುತ್ತೆ. ಹೋಗಿ ಬರುವಷ್ಟರಲ್ಲಿ ಟೈಮ್‌ಕೀಪರ್ ಸೀಟಿ ಊದಿ ಊದಿ ಕೆಂಪಗಾಗಿರುತ್ತಾನೆ. ಅದಕ್ಕೇ ಮೂವರೂ ಒಂದು ಉಪಾಯ ಕಂಡುಕೊಂಡಿದ್ದರು. ಡ್ಯೂಟಿ ಮುಗಿಯುವವರೆಗೆ ನೀರೇ ಕುಡಿಯುತ್ತಿರಲಿಲ್ಲ.

ತಂಗಿ ಅಣ್ಣನಿಗೆ ಹೇಳದ ದಿನವಿಲ್ಲ. ಅಣ್ಣ ನೋಡೋಣ ಅನ್ನದ ದಿನವಿಲ್ಲ. ಇನ್ನೊಂದು ತೊಡಕೂ ಇತ್ತು. ನೋಡೋಣ ಸಾಹೇಬರಿಗೆ ಆ ಪದ ಬಾಯಲ್ಲಿ ಬರುತ್ತಿರಲಿಲ್ಲ. ಮನೆಯಲ್ಲೂ "ಸ್ವಲ್ಪ ಆ ಕಡೆ ಹೋಗಿ ಬರ್ತೀನಿ" ಅನ್ನುವ ಮನುಷ್ಯ. ತಂಗಿಯ ಬೇಡಿಕೆಗೆ ಅವರಿಟ್ಟ ಹೆಸರು "ಆ ವಿಷಯ."

ಒಂದು ಭಾನುವಾರ ತಂಗಿ ಮನೆಗೆ ಬಂದಳು. ಬಂದವಳು ಕೂರಲಿಲ್ಲ.

"ಡಾಕ್ಟರ್ ಬೈದ್ರು ಕಣಣ್ಣ. ಕಿಡ್ನೀಲಿ ಕಲ್ಲು ಕಟ್ಟಿದೆಯಂತೆ. ನೀರು ಕುಡೀತೀಯೋ ಡ್ರೈವಿಂಗ್ ಬಿಡ್ತೀಯೋ, ಎರಡರಲ್ಲಿ ಒಂದು ಹೇಳು ಅಂದ್ರು."

"ಛೆ ಛೆ, ಹಾಗೆಲ್ಲ ಅನ್ಬೇಡ್ವೇ. ಆ ವಿಷಯ ನಾನು... ನೋ..."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. ಅವರು ಉಳಿದದ್ದನ್ನು ನುಂಗಿಕೊಂಡರು.

"ಹೇಳಣ್ಣ, ಯಾಕೆ ನುಂಗ್ತೀಯ?" ಅಂದಳು ತಂಗಿ. "ನುಂಗೋದು, ತಡ್ಕೊಳ್ಳೋದು ಎಲ್ಲ ನಮಗೇ ಇರ್ಲಿ. ಇನ್ನೊಂದು ಸಲ ನೋಡೋಣ ಅಂದ್ಯೋ, ನಾನು ಸ್ಟೇರಿಂಗೂ ಬಿಡ್ತೀನಿ, ಈ ಮನೆ ಹೊಸಿಲು ತುಳಿಯೋದೂ ಬಿಡ್ತೀನಿ. ನಂಗೆ ಅಣ್ಣಾನೇ ಇಲ್ಲ ಅಂದ್ಕೋತೀನಿ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. "ಹೋಗ್ತಿರೋದು ನಿಮ್ಮ ತಂಗಿ, ಇನ್ನೂ ಕೂತಿದೀರಲ್ಲ" ಅಂತ ಹೆಂಡತಿ ಸಿಡುಕಿದಳು. ಅವರು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ತಂಗಿ ಬೀದಿ ತಿರುಗಿಯಾಗಿತ್ತು. ತಟ್ಟೆ ತಿರುಗಿಸುತ್ತಿದ್ದ ಆ ಪುಟ್ಟ ಕೈಗಳು ನೆನಪಾಗಿ ಅವತ್ತು ಸಾಹೇಬರಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಕಂಪನಿಗೆ ಹೊಸ ನಿರ್ದೇಶಕರು ಬಂದರು. ಬಂದ ದಿನವೇ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಮೈಕ್ ಹಿಡಿದು, ಹೊಸತನ ಹೊಸತನ ಹೊಸತನ ಅಂತ ಕೂಗಿ, ತಾವೇ ಚಪ್ಪಾಳೆ ಹೊಡೆದುಕೊಂಡರು. ಯಾರು ಏನು ಹೇಳಿದರೂ ಚಪ್ಪಾಳೆ. ಟೀ ಬಂದರೆ ಚಪ್ಪಾಳೆ. ಎರಡನೇ ದಿನದ ಹೊತ್ತಿಗೆ ಚಪ್ಪಾಳೆ ಸಾಹೇಬರು ಅಂತ ನಾಮಕರಣ ಆಗಿಹೋಯಿತು. ಅವರ ಜೊತೆ ಒಬ್ಬ ಹೊಸತನದ ಸಲಹೆಗಾರನೂ ಬಂದಿದ್ದ. ಅವನಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: "ಇದರಲ್ಲಿ ಹೊಸದೇನಿದೆ?"

ಮೂರನೇ ದಿನ ಚಪ್ಪಾಳೆ ಸಾಹೇಬರು ಬಾಂಬ್ ಹಾಕಿದರು. "ಈ ಕಂಪನಿಯನ್ನು ಹಾಳುಮಾಡಿರುವ ಪದ ಒಂದಿದೆ. ನೋಡೋಣ! ಇವತ್ತಿನಿಂದ ಆ ಪದ ನಿಷೇಧ. ಯಾರಾದರೂ ಹೊಸ ಯೋಚನೆ ತಂದರೆ ಮಾಡಿ ಅನ್ನಿ. ಇಲ್ಲವೇ ಬೇಡ ಅನ್ನಿ. ನೋಡೋಣ ಅಂದವರು ಸೀದಾ ಗುಜರಿ ವಿಭಾಗಕ್ಕೆ!"

ಅಂಗಳದಲ್ಲಿದ್ದ ಅಷ್ಟೂ ಕುತ್ತಿಗೆಗಳು ಒಂದೇ ಕಡೆ ತಿರುಗಿದವು. ನೋಡೋಣ ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

ಪಾಪ, ಇನ್ನೇನು ಮಾಡುತ್ತಾರೆ? ಬೇಡ ಅನ್ನಲು ಹುಟ್ಟಿನಿಂದಲೂ ಬಾರದು. ಉಳಿದದ್ದು ಒಂದೇ ಪದ. ಬಂದವರಿಗೆಲ್ಲ "ಮಾಡಿ" ಅನ್ನತೊಡಗಿದರು. ಬಾಯಿ ಅಭ್ಯಾಸಬಲದಿಂದ "ನೋ..." ಅಂತ ಶುರುಮಾಡುತ್ತಿತ್ತು, ಅವರು ಅದನ್ನು ಕೆಮ್ಮಿನಲ್ಲಿ ಮುಚ್ಚಿ "ಮಾಡಿ" ಅಂತ ಮುಗಿಸುತ್ತಿದ್ದರು. ಸುದ್ದಿ ಹಬ್ಬಿದ್ದೇ ತಡ, ಅನುಮತಿ ವಿಭಾಗದ ಮುಂದೆ ಜಾತ್ರೆ. ಬಸ್ಸಿನ ಮುಂಭಾಗ ಹಿಂಭಾಗ ಎರಡಕ್ಕೂ ಒಂದೇ ಥರ ಬಣ್ಣ ಬಳಿಯೋಣ ಅಂತ ಪೇಂಟರ್ ಬಂದ. ಮಾಡಿ! ಒಂದು ವಾರ ಜನ ಹೋಗುತ್ತಿರುವ ಬಸ್ಸನ್ನು ಬರುತ್ತಿದೆ ಅಂದುಕೊಂಡು ಆರಾಮಾಗಿ ನಿಂತಿದ್ದರು. ಹಾರ್ನಿನ ಬದಲು ನಗುವಿನ ಸದ್ದು ಇರಲಿ ಅಂತ ಎಲೆಕ್ಟ್ರಿಷಿಯನ್ ಬಂದ. ಮಾಡಿ! ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಬಸ್ಸು ತಮ್ಮನ್ನೇ ನೋಡಿ ಕಿಸಿದದ್ದು ಅಂತ ಸಿಟ್ಟಾಗಿ, ಛತ್ರಿಯಿಂದ ಅದರ ಗಾಜು ಒಡೆದರು. ಮೀಟಿಂಗು ಬೇಗ ಮುಗಿಯಲಿ ಅಂತ ಕುರ್ಚಿಗಳನ್ನೇ ತೆಗೆಸಿದರು. ಮೀಟಿಂಗು ಮೊದಲಿನಷ್ಟೇ ಹೊತ್ತು ನಡೆಯಿತು, ಜನ ಗೋಡೆಗೆ ಒರಗಿ ನಿಂತೇ ಗೊರಕೆ ಹೊಡೆಯುವುದನ್ನು ಕಲಿತರು. ಅದೂ ಒಂದು ಹೊಸತನವೇ ಬಿಡಿ.

ಇಷ್ಟೆಲ್ಲ ಅವಾಂತರಕ್ಕೆ ನೋಡೋಣ ಸಾಹೇಬರಿಗೆ ಬಲ್ಬಿನ ಆಕಾರದ ಒಂದು ಫಲಕವೂ ಸಿಕ್ಕಿತು.

ಹಾಗಾದರೆ ತಂಗಿಯ ಕೆಲಸಕ್ಕೂ ಮಾಡಿ ಅಂದುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೊಸ ಕಟ್ಟಡಕ್ಕೆ ಅವರ ಮಾತು ಸಾಲದು, ನಿರ್ದೇಶಕರ ಸಭೆ ಒಪ್ಪಬೇಕು. ಸರಿ, ಫಲಕ ಕೈಲಿರುವಾಗಲೇ ಕೇಳಿಬಿಡಬೇಕು ಅಂತ ಸಾಹೇಬರು ಧೈರ್ಯ ಮಾಡಿ ಸಭೆಯಲ್ಲಿ ಬಾಯಿ ತೆರೆದರು. ಆದರೆ ಆ ಪದ? ಅಷ್ಟು ದೊಡ್ಡವರ ಮುಂದೆ? ಸುತ್ತಿ ಬಳಸಿ ಹೊರಟರು.

"ಸರ್, ನಮ್ಮ ಮಹಿಳಾ ಡ್ರೈವರುಗಳು ಬೆಳಗ್ಗೆಯಿಂದ ಸಂಜೆವರೆಗೂ ಎಲ್ಲಾ ತಡ್ಕೊಂಡಿರ್ತಾರೆ."

"ತಡ್ಕೊಂಡಿರ್ತಾರೆ!" ಚಪ್ಪಾಳೆ ಸಾಹೇಬರು ಗೋಡೆ ಬಿಟ್ಟು ಮುಂದೆ ಬಂದರು. "ಎಂಥಾ ಮಾತು! ಮುಂದೆ ಹೇಳಿ."

"ಹೇಳ್ಕೊಳ್ಳೋಕೆ ಸಂಕೋಚ ಸರ್. ಒಳಗೇ ಇಟ್ಕೊಂಡು ಆರೋಗ್ಯ ಕೆಡ್ತಾ ಇದೆ. ಡಾಕ್ಟರೂ ಹಾಗೇ ಅಂದಿದಾರೆ."

"ಒಳಗೆ ಇಟ್ಕೊಳ್ಳಲೇಬಾರದು," ಅಂದ ಸಲಹೆಗಾರ. "ನನ್ನನ್ನೇ ನೋಡಿ, ನಾನು ಏನನ್ನೂ ಇಟ್ಕೊಳ್ಳಲ್ಲ. ಎಲ್ಲಿ ಬಂತೋ ಅಲ್ಲೇ, ಎಲ್ಲರ ಎದುರಿಗೇ ಹೊರಗೆ ಹಾಕಿಬಿಡ್ತೀನಿ."

ಇದು ಸ್ವಲ್ಪ ಅತಿಯಾಯಿತು ಅಂತ ನೋಡೋಣ ಸಾಹೇಬರಿಗೆ ಅನ್ನಿಸಿತು. ಓದಿದವರ ರೀತಿಯೇ ಬೇರೆ ಇರಬಹುದು ಅಂದುಕೊಂಡು ಮುಂದುವರಿಸಿದರು.

"ಅದಕ್ಕೇ ಸರ್, ಡಿಪೋ ಪಕ್ಕದಲ್ಲೇ ಒಂದು ಜಾಗ. ಒಬ್ಬೊಬ್ಬರೇ ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು, ಎರಡು ನಿಮಿಷ ಕೂತು, ಹಗುರಾಗಿ ಬರುವ ಹಾಗೆ."

"ಹಗುರಾಗುವ ಜಾಗ!" ಚಪ್ಪಾಳೆ ಸಾಹೇಬರ ಕೈಗಳು ಪಟಪಟ ಬಡಿದುಕೊಂಡವು. "ಇದರಲ್ಲಿ ಹೊಸದಿದೆ!" ಅಂತ ಸಲಹೆಗಾರ ಜೀವಮಾನದಲ್ಲೇ ಮೊದಲ ಸಲ ಒಪ್ಪಿದ. ಸಭೆ ಅಲ್ಲಿಗೇ ಮುಗಿಯಿತು.

ಮಾರನೇ ದಿನ ಇಂಜಿನಿಯರ್ ಬಂದ. "ಸಾಹೇಬ್ರೇ, ಒಳಗೆ ನೀರು ಬೇಕಾ?"

"ನೀರಿಲ್ಲದೆ ಏನ್ರೀ ಪ್ರಯೋಜನ? ಧಾರಾಳವಾಗಿ ಹರೀತಿರ್ಬೇಕು."

"ಕೂತ್ಕೊಳ್ಳೋದು ಹಳೇ ಥರ ಇರ್ಲೋ, ಹೊಸ ಥರಾನೋ?"

"ಹೊಸ ಥರಾನೇ ಹಾಕ್ಸಿ. ಮಂಡಿ ನೋವಿರೋರಿಗೂ ಅನುಕೂಲ ಆಗ್ಲಿ."

ಇಬ್ಬರೂ ತೃಪ್ತಿಯಿಂದ ಕೈ ಕುಲುಕಿದರು. ಎಷ್ಟು ನಾಜೂಕಾಗಿ, ಒಂದು ಕೆಟ್ಟ ಪದ ಬಳಸದೆ ಕೆಲಸ ಸಾಧಿಸಿದೆ ಅಂತ ಸಾಹೇಬರು ಒಳಗೊಳಗೇ ಬೀಗಿದರು. ಕಟ್ಟಡ ಎದ್ದಿತು. ಉದ್ಘಾಟನೆಯವರೆಗೆ ಯಾರೂ ನೋಡಬಾರದು, ಬೆರಗಾಗಬೇಕು ಅಂತ ಸಲಹೆಗಾರ ಸುತ್ತ ನೀಲಿ ಪರದೆ ಕಟ್ಟಿಸಿದ. ನೋಡೋಣ ಸಾಹೇಬರು ದಿನವೂ ಪರದೆಯ ಹೊರಗೆ ಕಿವಿ ಇಟ್ಟು ಕೇಳುತ್ತಿದ್ದರು. ಒಳಗೆ ನೀರು ಹರಿಯುವ ಸದ್ದು. ಆಹಾ!

ಉದ್ಘಾಟನೆಯ ಹಿಂದಿನ ದಿನ ಸಂಜೆ ತಂಗಿಯ ಮನೆಗೆ ತಾವೇ ಹೋಗಿ ಹೇಳಿದರು. "ನಾಳೆ ಆ ವಿಷಯ ಉದ್ಘಾಟನೆ ಕಣೇ. ಮೊದಲು ಒಳಗೆ ಹೋಗೋಳು ನೀನೇ."

ತಂಗಿ ಅಣ್ಣನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಕಟ್ಸಿದ್ಯಾ?" ಅಂದಳು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. "ಹಾಗಾದ್ರೆ ನಾಳೆ ನಾವು ಮೂರೂ ಜನ ಹೊಟ್ಟೆ ತುಂಬ ನೀರು ಕುಡ್ಕೊಂಡೇ ಗಾಡಿ ತೆಗೀತೀವಿ."

ಕುಡಿದರು. ಅದೇ ಯಡವಟ್ಟಾಗಿದ್ದು.

ಮರುದಿನ ಮೂರು ಬಸ್ಸುಗಳೂ ಅಂಗಳಕ್ಕೆ ಬಂದಾಗ ಚಪ್ಪಾಳೆ ಸಾಹೇಬರ ಭಾಷಣ ಆಗತಾನೇ ಕಾವೇರುತ್ತಿತ್ತು. ಮೂವರನ್ನೂ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಒಬ್ಬಳು ಕಾಲಿಗೆ ಕಾಲು ಹೆಣೆದುಕೊಂಡಿದ್ದಳು. ಇನ್ನೊಬ್ಬಳು ಕಣ್ಣು ಮುಚ್ಚಿ ಏನೋ ಜಪ ಮಾಡುತ್ತಿದ್ದಳು. ತಂಗಿ ಪರದೆಯಿಂದ ಕಣ್ಣು ಕೀಳಲಿಲ್ಲ. "ತಡೆದುಕೊಳ್ಳುವ ಕಾಲ ಮುಗಿಯಿತು!" ಅಂತ ಚಪ್ಪಾಳೆ ಸಾಹೇಬರು ಗುಡುಗಿದರು. ಮೂವರೂ ಜೋರಾಗಿ ತಲೆಯಾಡಿಸಿದರು. ಭಾಷಣ ಮಾಡಿ ಮಾಡಿ ಗಂಟಲು ಒಣಗಿ ಚಪ್ಪಾಳೆ ಸಾಹೇಬರು ಲೋಟದ ಮೇಲೆ ಲೋಟ ಹಣ್ಣಿನ ರಸ ಇಳಿಸುತ್ತಿದ್ದರು.

ಅಂತೂ ಪರದೆ ಸರಿಯಿತು. ರಿಬ್ಬನ್ ಅರ್ಧ ಕತ್ತರಿಸಿದ್ದರಷ್ಟೇ, ಉಳಿದರ್ಧವನ್ನು ತಂಗಿಯೇ ಹರಿದುಕೊಂಡು ಒಳಗೆ ನುಗ್ಗಿದಳು. ಬಾಗಿಲು ಧಡಾರನೆ ಮುಚ್ಚಿತು. "ಎಂಥಾ ಉತ್ಸಾಹ!" ಅಂತ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಬಾಗಿಲು ಮತ್ತೆ ತೆರೆಯಿತು. ತಂಗಿಯ ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ, ಎಲ್ಲಿದೆ?"

"ಒಳಗೇ ಇರ್ಬೇಕಲ್ಲೇ!"

"ಒಳಗೆ ಮೆತ್ತನೆ ಕುರ್ಚಿ ಇದೆ. ಸಿಟ್ಟು ಬಂದ್ರೆ ಗುದ್ದೋಕೆ ದಿಂಬು ಇದೆ. ಕಾರಂಜಿ ಒಂದಿದೆ, ಜುಳುಜುಳು ಅಂತಿದೆ, ಅದರ ಸದ್ದು ಕೇಳಿದ್ರೆ ಪ್ರಾಣ ಹೋಗ್ತಿದೆ. ಗೋಡೆ ತುಂಬ 'ಬಿಟ್ಟುಬಿಡಿ' ಅಂತ ಬರ್ದಿದಾರೆ." ಅವಳ ದನಿ ಒಡೆಯಿತು. "ಎಲ್ಲಿ ಬಿಡ್ಲಣ್ಣ? ದಿಂಬಿನ ಮೇಲಾ?"

ನೋಡೋಣ ಸಾಹೇಬರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಕಾಪಾಡಿಕೊಂಡು ಬಂದ ಮರ್ಯಾದೆಯೆಲ್ಲ ಈ ಕಾರಂಜಿಯಾಗಿ ಹರಿಯುತ್ತಿದೆ. ಒಂದು ಪದ, ಒಂದೇ ಒಂದು ಪದ ಬಾಯಿಬಿಟ್ಟು ಹೇಳಿದ್ದರೆ ತಂಗಿ ಹೀಗೆ ಎಲ್ಲರೆದುರು ಒದ್ದಾಡುತ್ತಿರಲಿಲ್ಲ. ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ ಅಂದುಕೊಂಡರು. ಸೀದಾ ಹೋಗಿ ಮೈಕ್ ಕಿತ್ತುಕೊಂಡರು.

"ಸರ್, ಇದು ಕಕ್ಕಸು ಆಗ್ಬೇಕಿತ್ತು."

ಆ ಪದ ಅಂಗಳದ ನಾಲ್ಕು ಮೂಲೆಯ ಸ್ಪೀಕರುಗಳಲ್ಲಿ ಮೊಳಗಿತು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಒಮ್ಮೆ ಬಾಯಿಂದ ಬಿದ್ದ ಮೇಲೆ ಸಾಹೇಬರಿಗೆ ಅದೆಂಥ ನಿರಾಳ! ಇನ್ನೊಂದು ಸಲ ಅಂದರು. "ಕಕ್ಕಸು ಸರ್! ಹೆಂಗಸರ ಕಕ್ಕಸು! ನಾನು ಹಗುರಾಗೋದು ಅಂದಿದ್ದು ಅದನ್ನೇ!"

ಚಪ್ಪಾಳೆ ಸಾಹೇಬರ ಎರಡು ಕೈಗಳು ಗಾಳಿಯಲ್ಲೇ ನಿಂತವು, ಒಂದಕ್ಕೊಂದು ತಾಗಲಿಲ್ಲ. ಸಲಹೆಗಾರ ಮಾತ್ರ ತನ್ನ ಪಾಠ ಮರೆಯಲಿಲ್ಲ. "ಕಕ್ಕಸಾ? ಇದರಲ್ಲಿ ಹೊಸದೇನಿದೆ?"

"ನಮಗೆ ಹೊಸದೇ ಸ್ವಾಮಿ," ಅಂದಳು ತಂಗಿ, ಹಲ್ಲು ಕಚ್ಚಿಕೊಂಡು. "ಈ ಡಿಪೋದಲ್ಲಿ ನಾವು ಇನ್ನೂ ಒಂದನ್ನೂ ಕಂಡಿಲ್ಲ."

ಜನ ಗೊಳ್ಳೆಂದರು. ಚಪ್ಪಾಳೆ ಸಾಹೇಬರು ಬೆವರೊರೆಸಿಕೊಂಡು, "ಸರಿ ಸರಿ, ಅದನ್ನ ಆಮೇಲೆ ನೋಡೋ..." ಅಂದವರು ನಾಲಿಗೆ ಕಚ್ಚಿಕೊಂಡು, "ಮುಂದಿನ ಸಭೆಯಲ್ಲಿ ಚರ್ಚೆ ಮಾಡೋಣ" ಅಂತ ತಿದ್ದಿದರು.

ನೋಡೋಣ ಸಾಹೇಬರ ಕಿವಿಗೆ ಅದು ಚೆನ್ನಾಗಿಯೇ ಗೊತ್ತಾಯಿತು. ಅಂಗಿ ಬದಲಿಸಿಕೊಂಡು ಬಂದಿದ್ದರೂ ಅದು ತಮ್ಮದೇ ಹಳೇ ನೋಡೋಣ. ಅವರು ಮೈಕನ್ನು ಸಲಹೆಗಾರನ ಕೈಗೆ ತುರುಕಿ, ತಂಗಿಯ ತೋಳು ಹಿಡಿದು, ಇನ್ನಿಬ್ಬರಿಗೂ ಬನ್ರಮ್ಮಾ ಅಂತ ಸನ್ನೆ ಮಾಡಿ, ಅಂಗಳ ಸೀಳಿಕೊಂಡು ಹೊರಟರು. ಕೆಳಮಹಡಿಯಲ್ಲಿ ನಿರ್ದೇಶಕರ ಕೋಣೆಯ ಪಕ್ಕದಲ್ಲಿ ನಿರ್ದೇಶಕರಿಗೇ ಮೀಸಲಾದ ಅಮೃತಶಿಲೆಯ ಕಕ್ಕಸು ಒಂದಿತ್ತು. ಅದರ ಬೀಗದ ಕೈ ಆಪ್ತ ಸಹಾಯಕನ ಸೊಂಟದಲ್ಲಿ.

"ಇದಕ್ಕೆ ಅನುಮತಿ ಬೇಕು ಸಾಹೇಬ್ರೇ," ಅಂದ ಅವನು.

"ಅನುಮತಿ ವಿಭಾಗ ಅಂದ್ರೆ ಯಾರಯ್ಯಾ? ನಾನೇ ಅಲ್ವಾ? ಮಾಡಿ ಅಂದೆ. ತೆಗಿ ಬಾಗಿಲು."

ತಂಗಿ ಒಳಗೆ ಓಡಿದಳು. "ರೈಟ್, ರೈಟ್!" ಅಂತ ಅಣ್ಣ ಹಿಂದಿನಿಂದ ಕೂಗಿ ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತರು. ಒಳಗಿಂದ ಅವಳು ನಕ್ಕದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೇ ಚಪ್ಪಾಳೆ ಸಾಹೇಬರು ಬಂದರು. ಅಷ್ಟು ಲೋಟ ರಸ ಸುಮ್ಮನೆ ಬಿಡುತ್ತದೆಯೇ? ನಡಿಗೆ ಪುಟ್ಟಪುಟ್ಟದಾಗಿತ್ತು.

"ಪಕ್ಕಕ್ಕೆ ಸರೀರೀ. ಅರ್ಜೆಂಟು."

"ಒಳಗೆ ಜನ ಇದಾರೆ ಸರ್. ಮೂರನೇ ಮಹಡೀಲಿ ಒಂದಿದೆ, ಲಿಫ್ಟು ಕಾಯ್ಬೇಕು. ಇಲ್ಲಾಂದ್ರೆ ಡಿಪೋ ಹಿಂದೆ ಗಂಡಸರದಿದೆ, ಚಿಲಕ ಇಲ್ಲ."

ಚಪ್ಪಾಳೆ ಸಾಹೇಬರು ಕಾರಿಡಾರಿನ ಆ ತುದಿಯ ಲಿಫ್ಟನ್ನು ನೋಡಿದರು. ಅದು ಎಂದಿನಂತೆ ಮೇಲೆಲ್ಲೋ ತಪಸ್ಸು ಮಾಡುತ್ತಿತ್ತು. ಎಡಗಾಲಿಗೆ ಬಲಗಾಲು ಹೆಣೆದುಕೊಂಡರು.

"ಕಟ್ಸೋಣ ಕಣ್ರೀ, ನಿಮ್ಮ ಕಕ್ಕಸು. ನಾಳೇನೇ. ಮಾಡಿ! ಮಾಡಿ ಅಂದ್ನಲ್ಲ!"

"ಬರೆದು ಕೊಟ್ಬಿಡಿ ಸರ್." ನೋಡೋಣ ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ಉದ್ಘಾಟನೆಯ ಆಮಂತ್ರಣವನ್ನೇ ಮಗುಚಿ ಮುಂದೆ ಹಿಡಿದರು. ಚಪ್ಪಾಳೆ ಸಾಹೇಬರು ಅದನ್ನು ಗೋಡೆಗೆ ಒತ್ತಿ ಸೊಟ್ಟಸೊಟ್ಟಗೆ ಗೀಚಿ ಸಹಿ ಹಾಕಿದರು. ನೋಡೋಣ ಸಾಹೇಬರು ಅದನ್ನು ನಿಧಾನವಾಗಿ ಓದಿ, ಮಡಿಸಿ, ಜೇಬಿಗೆ ಇಳಿಸಿದರು.

ಒಳಗೆ ನೀರು ಸುರಿದ ಸದ್ದಾಯಿತು. ಬಾಗಿಲು ತೆರೆದು ತಂಗಿ ಹೊರಬಂದಳು, ಹೆಗಲು ಇಳಿದಿತ್ತು, ಮುಖ ಅರಳಿತ್ತು. ಚಪ್ಪಾಳೆ ಸಾಹೇಬರು ಮುನ್ನುಗ್ಗುವಷ್ಟರಲ್ಲಿ ಎರಡನೆಯವಳು ನುಸುಳಿ ಚಿಲಕ ಹಾಕಿಕೊಂಡಳು. ಮೂರನೆಯವಳು ಬಾಗಿಲಿಗೇ ಅಂಟಿಕೊಂಡು ನಿಂತಳು.

"ಅಯ್ಯೋ! ಇನ್ನೂ ಎಷ್ಟು ಹೊತ್ರೀ?" ಚಪ್ಪಾಳೆ ಸಾಹೇಬರ ದನಿ ಕೀರಲಾಗಿತ್ತು. "ನಂದು ಯಾವಾಗ?"

ಸಾಹೇಬರು ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒಂದು ಗಾಜು ಒರೆಸಿದರು, ಆಮೇಲೆ ಇನ್ನೊಂದು ಗಾಜು ಒರೆಸಿದರು.

"ನೋಡೋಣ ಸರ್," ಅಂದರು. "ನೋಡೋಣ."